ಸಾವು ಬರುವ ಕಾದಂಬರಿಯನ್ನು ಮಗುವಿನ ಜೊತೆ ಓದುವುದು ಹೇಗೆ?

ಮಕ್ಕಳಿಗೆಂದು ಬರೆದ ಹಳೆಯ, ಒಳ್ಳೆಯ ಕಾದಂಬರಿಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಿ. ‘ಲಿಟಲ್ ವಿಮೆನ್’ನಲ್ಲಿ ನಾಲ್ವರು ಅಕ್ಕತಂಗಿಯರಲ್ಲಿ ಒಬ್ಬಳಾದ ಬೆತ್ ತೀರಿಕೊಳ್ಳುತ್ತಾಳೆ. ‘ಷಾರ್ಲಟ್ಸ್ ವೆಬ್’ನಲ್ಲಿ ಷಾರ್ಲಟ್ ಎಂಬ ಜೇಡ ಸಾಯುತ್ತದೆ. ‘ಆನ್ ಆಫ್ ಗ್ರೀನ್ ಗೇಬಲ್ಸ್’ನಲ್ಲಿ ಅನಾಥ ಹುಡುಗಿ ಆನ್‌ಳನ್ನು ಸಾಕಿದ ಮ್ಯಾಥ್ಯೂ ಹೊಸ್ತಿಲಲ್ಲೇ ಕುಸಿದು ಬೀಳುತ್ತಾನೆ. ‘ದಿ ಸೀಕ್ರೆಟ್ ಗಾರ್ಡನ್’ ಅಂತೂ ಶುರುವಾಗುವುದೇ ಕಾಲರಾ ಹೊಕ್ಕ ಮನೆಯೊಂದರಲ್ಲಿ. ಇಂಥ ಪುಸ್ತಕವನ್ನು ಮಗುವಿನ ಕೈಗೆ ಕೊಡುವಾಗ ದೊಡ್ಡವರಿಗೆ ಅಳುಕು ಸಹಜ. ಮಗು ಹೆದರಿದರೆ? ರಾತ್ರಿ ನಿದ್ದೆ ಮಾಡದಿದ್ದರೆ? ‘ಅಮ್ಮಾ, ನೀನೂ ಸಾಯ್ತೀಯಾ?’ ಅಂತ ಕೇಳಿಬಿಟ್ಟರೆ?

ಈ ಅಳುಕಿಗೆ ನಾವು ಎರಡರಲ್ಲಿ ಒಂದು ದಾರಿ ಹಿಡಿಯುತ್ತೇವೆ. ಒಂದೋ ಪುಸ್ತಕವನ್ನೇ ಎತ್ತಿಡುತ್ತೇವೆ. ಇಲ್ಲವೇ ಸಾವಿನ ಅಧ್ಯಾಯ ಮುಗಿದ ಕೂಡಲೇ ‘ನೋಡು ಪುಟ್ಟಾ, ಧೈರ್ಯವಾಗಿರಬೇಕು’ ಎಂದು ಪಾಠ ಹೇಳಿ ಮುಗಿಸುತ್ತೇವೆ. ಎರಡರಲ್ಲೂ ಮಗುವಿಗೆ ನಷ್ಟ. ನನ್ನ ಮಟ್ಟಿಗೆ ಈ ಕಾದಂಬರಿಗಳ ಜೀವ ಇರುವುದು ಸಾವಿನ ನಂತರದ ಅಧ್ಯಾಯದಲ್ಲಿ. ಉಳಿದವರು ಮರುದಿನ ಎದ್ದು ಏನು ಮಾಡಿದರು, ಏನು ತಿಂದರು, ಯಾರ ಮೇಲೆ ರೇಗಿದರು, ಯಾವ ಕೆಲಸಕ್ಕೆ ಕೈ ಹಾಕಿದರು ಅನ್ನುವ ಪುಟಗಳಲ್ಲಿ. ಮನುಷ್ಯರು ಹೇಗೆ ಸಾವರಿಸಿಕೊಳ್ಳುತ್ತಾರೆ ಅನ್ನುವುದು ಮಗುವಿಗೆ ಕಾಣಿಸುವುದು ಅಲ್ಲೇ. ಆ ಪುಟಗಳವರೆಗೆ ಮಗುವಿನ ಜೊತೆ ಹೋಗುವುದು ಹೇಗೆ, ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಸುಮಾರು 8ರಿಂದ 14 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಓದಿಸುವವರು ಅಪ್ಪ, ಅಮ್ಮ, ಅಜ್ಜಿ, ಟೀಚರ್ ಯಾರಾದರೂ ಆಗಬಹುದು.

ಹಂತ 1: ಮೊದಲು ನೀವು ಓದಿ, ಸಾವು ಎಲ್ಲಿದೆ ನೋಡಿ

ಪೂರ್ತಿ ಓದಿ. ಹಿಂದಿನ ರಕ್ಷಾಪುಟ ನೋಡಿದರೆ ಸಾಲದು. ಓದುವಾಗ ಎರಡು ವಿಷಯ ಗುರುತು ಹಾಕಿಕೊಳ್ಳಿ. ಸಾವು ಯಾವ ಅಧ್ಯಾಯದಲ್ಲಿ ಬರುತ್ತದೆ? ಅದಾದ ಮೇಲೆ ಎಷ್ಟು ಕಥೆ ಉಳಿದಿದೆ?

ಇದು ಸಣ್ಣ ಲೆಕ್ಕದಂತೆ ಕಾಣಬಹುದು. ಆದರೆ ಓದಿನ ಪ್ಲಾನ್ ಎಲ್ಲ ನಿಂತಿರುವುದು ಇದರ ಮೇಲೆ. ಇ.ಬಿ. ವೈಟ್ 1952ರಲ್ಲಿ ಬರೆದ ‘ಷಾರ್ಲಟ್ಸ್ ವೆಬ್’ನಲ್ಲಿ 22 ಅಧ್ಯಾಯಗಳಿವೆ. ಷಾರ್ಲಟ್ ಸಾಯುವುದು 21ನೆಯದರಲ್ಲಿ. ಎಲ್.ಎಂ. ಮಾಂಟ್ಗೊಮರಿ ಅವರ ‘ಆನ್ ಆಫ್ ಗ್ರೀನ್ ಗೇಬಲ್ಸ್’ನಲ್ಲಿ (1908) ಮ್ಯಾಥ್ಯೂ ಹೋಗುವುದು 38ರಲ್ಲಿ 37ನೇ ಅಧ್ಯಾಯದಲ್ಲಿ. ಎರಡರಲ್ಲೂ ಸಾವರಿಸಿಕೊಳ್ಳಲು ಉಳಿದಿರುವುದು ಒಂದೇ ಅಧ್ಯಾಯ. ಹಾಗಾಗಿ ಕೊನೆಯ ಎರಡು ಅಧ್ಯಾಯಗಳ ನಡುವೆ ತುಂಬಾ ದಿನ ಬಿಡಬಾರದು. ಶನಿವಾರ 21 ಓದಿದರೆ ಭಾನುವಾರ 22 ಆಗಲೇಬೇಕು.

ಕ್ಯಾಥರೀನ್ ಪ್ಯಾಟರ್ಸನ್ ಅವರ ‘ಬ್ರಿಡ್ಜ್ ಟು ಟೆರಬಿಥಿಯಾ’ (1977) ಬೇರೆ ರೀತಿ. 13 ಅಧ್ಯಾಯಗಳ ಪುಸ್ತಕ. ಲೆಸ್ಲಿಯ ಸಾವಿನ ಸುದ್ದಿ ಬರುವುದು 10ನೆಯದರ ಕೊನೆಯಲ್ಲಿ. ಮುಂದಿನ ಮೂರು ಅಧ್ಯಾಯ ಪೂರ್ತಿ ಅವಳ ಗೆಳೆಯ ಜೆಸ್‌ನದೇ. ಇಲ್ಲಿ ದಿನಕ್ಕೊಂದು ಅಧ್ಯಾಯ ಓದಿದರೂ ನಡೆಯುತ್ತದೆ.

ಇನ್ನು ಸಾವು ಮೊದಲ ಪುಟಗಳಲ್ಲೇ ಬಂದುಹೋಗುವ ಪುಸ್ತಕಗಳಿವೆ. ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಅವರ ‘ದಿ ಸೀಕ್ರೆಟ್ ಗಾರ್ಡನ್’ (1911) ಅಂಥದ್ದು. ಯೋಹಾನಾ ಸ್ಪೀರಿ ಅವರ ‘ಹೈಡಿ’ಯಲ್ಲಿ ಕಥೆ ಶುರುವಾಗುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ತೀರಿಹೋಗಿರುತ್ತಾರೆ. ಮಗು ಆ ಪಾತ್ರಗಳನ್ನು ಇನ್ನೂ ಹಚ್ಚಿಕೊಂಡಿರುವುದಿಲ್ಲ, ಆದ್ದರಿಂದ ಪೆಟ್ಟು ಜೋರಾಗಿ ಬೀಳುವುದಿಲ್ಲ. ಪುಸ್ತಕದ ಉಳಿದ ಭಾಗವೆಲ್ಲ ಚೇತರಿಕೆಯೇ. ಮೊದಲ ಸಲ ಇಂಥ ಕಥೆ ಓದುವ ಮಗುವಿಗೆ ಇಲ್ಲಿಂದ ಶುರು ಮಾಡುವುದು ಒಳ್ಳೆಯದು.

ಹಂತ 2: ಕೈಯಲ್ಲಿರುವ ಪ್ರತಿ ಪೂರ್ತಿ ಇದೆಯಾ?

ಮಕ್ಕಳಿಗಾಗಿ ಸಂಕ್ಷೇಪಿಸಿದ ಪ್ರತಿಗಳಲ್ಲಿ ಘಟನೆಗಳು ಉಳಿಯುತ್ತವೆ, ಘಟನೆಗಳ ನಡುವಿನ ದಿನಗಳು ಹೋಗಿಬಿಡುತ್ತವೆ. ‘ಬೆತ್ ತೀರಿಕೊಂಡಳು. ಎಲ್ಲರೂ ದುಃಖಪಟ್ಟರು. ಕೆಲವು ದಿನಗಳ ನಂತರ ಅವಳ ಅಕ್ಕ ಜೋ ಒಂದು ಕಥೆ ಬರೆದಳು.’ ಮೂರು ವಾಕ್ಯ, ಮುಗಿಯಿತು. ಮಗುವಿಗೆ ಇದರಿಂದ ಗೊತ್ತಾಗುವುದು ಒಂದೇ: ದುಃಖ ಅಂದರೆ ಒಂದು ವಾಕ್ಯದಲ್ಲಿ ಮುಗಿಯುವ ಸಂಗತಿ. ಅಷ್ಟಕ್ಕಾದರೆ ಓದದಿದ್ದರೇ ವಾಸಿ.

‘ಲಿಟಲ್ ವಿಮೆನ್’ ವಿಷಯದಲ್ಲಿ ಇನ್ನೊಂದು ತೊಡಕಿದೆ. ಲೂಯಿಸಾ ಮೇ ಆಲ್ಕಾಟ್ ಅದನ್ನು ಎರಡು ಭಾಗವಾಗಿ ಬರೆದರು, 1868ರಲ್ಲಿ ಒಂದು, 1869ರಲ್ಲಿ ಇನ್ನೊಂದು. ಮೊದಲ ಭಾಗದಲ್ಲಿ ಬೆತ್‌ಗೆ ಸ್ಕಾರ್ಲೆಟ್ ಜ್ವರ ಬರುತ್ತದೆ, ಆದರೆ ಬದುಕುತ್ತಾಳೆ. ಸಾಯುವುದು ಎರಡನೇ ಭಾಗದಲ್ಲಿ. ಎರಡನೇ ಭಾಗ ‘ಗುಡ್ ವೈವ್ಸ್’ ಅನ್ನುವ ಹೆಸರಿನಲ್ಲಿ ಬೇರೆ ಪುಸ್ತಕವಾಗಿಯೂ ಬಂದಿದೆ. ಹಾಗಾಗಿ ಅಧ್ಯಾಯಗಳನ್ನು ಎಣಿಸಿ ನೋಡಿ. 23 ಇದ್ದರೆ ಅದು ಮೊದಲ ಭಾಗ ಮಾತ್ರ. 47 ಇದ್ದರೆ ಪೂರ್ತಿ. ಚಿಕ್ಕ ಮಗುವಿಗೆ ಸದ್ಯಕ್ಕೆ ಮೊದಲ ಭಾಗ ಸಾಕು ಅನ್ನಿಸಿದರೆ ಹಾಗೇ ಮಾಡಬಹುದು. ಆದರೆ ಅದು ನೀವು ತಿಳಿದು ಮಾಡಿದ ಆಯ್ಕೆ ಆಗಿರಲಿ.

ಹಂತ 3: ಯಾವ ಮಗುವಿಗೆ ಯಾವ ಪುಸ್ತಕ

ವಯಸ್ಸಿಗಿಂತ ಮಗುವಿನ ಸದ್ಯದ ಸ್ಥಿತಿ ಮುಖ್ಯ.

ಸಾವನ್ನು ಇನ್ನೂ ಹತ್ತಿರದಿಂದ ನೋಡದ ಮಗು ಯಾವ ಪುಸ್ತಕವನ್ನಾದರೂ ಓದಬಹುದು, ಜೊತೆಗೆ ಯಾರಾದರೂ ಇದ್ದರೆ ಸಾಕು. ಇತ್ತೀಚೆಗೆ ಯಾರನ್ನೋ ಕಳೆದುಕೊಂಡ ಮಗುವಿನ ವಿಷಯ ಹಾಗಲ್ಲ. ಅಕ್ಕನನ್ನು ಕಳೆದುಕೊಂಡ ಮಗುವಿಗೆ ತಕ್ಷಣ ‘ಲಿಟಲ್ ವಿಮೆನ್’ ಕೊಡಬೇಡಿ. ಗೆಳೆಯನನ್ನು ಕಳೆದುಕೊಂಡವನಿಗೆ ‘ಬ್ರಿಡ್ಜ್ ಟು ಟೆರಬಿಥಿಯಾ’ ಬೇಡ. ‘ನಿನ್ನ ಹಾಗೇ ಆಗಿದೆ ನೋಡು’ ಅಂತ ಪುಸ್ತಕ ಮುಂದಿಟ್ಟರೆ, ಮಗುವಿಗೆ ತನ್ನ ದುಃಖವನ್ನು ಯಾರೋ ಹೋಂವರ್ಕ್ ಮಾಡಿಕೊಟ್ಟ ಹಾಗೆ ಆಗುತ್ತದೆ. ಆ ಹೊತ್ತಿಗೆ ಸ್ವಲ್ಪ ದೂರದ ಕಥೆ ಒಳ್ಳೆಯದು. ಹಂದಿ, ಜೇಡ, ಇಲಿ ಇರುವ ಕಥೆ. ಮಗು ಜೇಡಕ್ಕಾಗಿ ಅಳುತ್ತಾ ತನ್ನವರಿಗಾಗಿಯೂ ಅಳಬಹುದು. ಅದನ್ನು ಯಾರಿಗೂ ಹೇಳಬೇಕಾಗಿಲ್ಲ.

ಕಳೆದುಕೊಳ್ಳುವುದು ಅಂದರೆ ಸಾವೇ ಆಗಬೇಕಿಲ್ಲ ಅನ್ನುವುದೂ ನೆನಪಿರಲಿ. ಊರು ಬಿಟ್ಟು ಬಂದ ಮಗು, ಶಾಲೆ ಬದಲಾದ ಮಗು, ಸಾಕಿದ ಅಜ್ಜ ಅಜ್ಜಿಯಿಂದ ದೂರವಾದ ಮಗು ಇವರಿಗೆಲ್ಲ ‘ಹೈಡಿ’ ಇದೆ. ಬೆಟ್ಟದ ಮೇಲೆ ಅಜ್ಜನ ಜೊತೆ ಇದ್ದ ಹುಡುಗಿಯನ್ನು ಫ್ರಾಂಕ್‌ಫರ್ಟ್‌ನ ದೊಡ್ಡ ಮನೆಗೆ ಕರೆತರುತ್ತಾರೆ. ಅವಳು ಯಾರ ಹತ್ತಿರವೂ ದೂರುವುದಿಲ್ಲ. ಆದರೆ ರಾತ್ರಿ ನಿದ್ದೆಯಲ್ಲೇ ಎದ್ದು ಹೋಗಿ ಬಾಗಿಲು ತೆಗೆಯುತ್ತಾಳೆ. ಮನೆಯವರು ದೆವ್ವ ಅಂದುಕೊಳ್ಳುತ್ತಾರೆ. ಕೊನೆಗೆ ಡಾಕ್ಟರ್ ಬಂದು, ಈ ಮಗುವಿಗೆ ಮನೆಯ ಹಂಬಲ, ವಾಪಸ್ ಕಳಿಸಿ ಅನ್ನುತ್ತಾರೆ. ಬಾಯಿ ಹೇಳದ್ದನ್ನು ಮೈ ಹೇಳುತ್ತದೆ ಅನ್ನುವುದನ್ನು 1880ರ ಹೊತ್ತಿಗೇ ಎಷ್ಟು ಸರಿಯಾಗಿ ಬರೆದಿದ್ದಾರೆ!

ಒಂದು ಪುಸ್ತಕದ ಬಗ್ಗೆ ಮಾತ್ರ ಎಚ್ಚರಿಕೆ ಹೇಳಲೇಬೇಕು. ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ‘ದಿ ಬ್ರದರ್ಸ್ ಲಯನ್‌ಹಾರ್ಟ್’ (1973) ಬಹಳ ಚೆಂದದ, ಬಹಳ ಗಾಢವಾದ ಕಾದಂಬರಿ. ಅಣ್ಣ ತಮ್ಮ ಇಬ್ಬರೂ ಸತ್ತ ಮೇಲೆ ಇನ್ನೊಂದು ಲೋಕದಲ್ಲಿ ಸೇರುವ ಕಥೆ. ಸಾವೇ ಬಿಡುಗಡೆ ಅಂತ ಓದಿಕೊಳ್ಳಲು ಅದರ ಕೊನೆಯಲ್ಲಿ ಜಾಗ ಇದೆ. ‘ನಾನೂ ಅವರ ಹತ್ತಿರ ಹೋಗಬೇಕು’ ಅನ್ನುತ್ತಿರುವ ಮಗುವಿಗೆ ಅದನ್ನು ಕೊಡಬೇಡಿ. ಆ ಮಾತು ಕೇಳಿಸಿದರೆ ಪುಸ್ತಕ ಹುಡುಕುವುದನ್ನು ಬಿಟ್ಟು ಮೊದಲು ಡಾಕ್ಟರ್ ಅಥವಾ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ.

ಹಂತ 4: ಮೊದಲೇ ಹೇಳಬೇಕಾ, ಬೇಡವಾ?

ಸಾಮಾನ್ಯವಾಗಿ ಯಾರು ಸಾಯುತ್ತಾರೆ ಅಂತ ಹೇಳಬೇಡಿ. ‘ಇದರಲ್ಲಿ ದುಃಖದ ಭಾಗ ಇದೆ, ಅಲ್ಲಿಗೆ ಬಂದಾಗ ನಾನು ಜೊತೆಗೆ ಇರುತ್ತೇನೆ’ ಅಂದರೆ ಸಾಕು. ಮಗು ತಾನೇ ಓದಿಕೊಳ್ಳುವ ವಯಸ್ಸಿನದಾದರೆ, ಆ ಅಧ್ಯಾಯ ಬರುವ ಮೊದಲು ‘ಈಗ ಎಲ್ಲಿದ್ದೀಯ?’ ಅಂತ ಕೇಳುತ್ತಿರಿ.

ಇತ್ತೀಚೆಗೆ ಸಾವು ನೋಡಿದ ಮಗುವಿಗಾದರೆ ಮುಚ್ಚುಮರೆ ಬೇಡ. ‘ಇದರಲ್ಲಿ ಷಾರ್ಲಟ್ ಕೊನೆಗೆ ಸಾಯುತ್ತಾಳೆ. ಓದೋಣವಾ?’ ಅಂತ ನೇರವಾಗಿ ಕೇಳಿ. ಬೇಡ ಅಂದರೆ ಬೇಡ.

ಹಂತ 5: ಆ ಅಧ್ಯಾಯ ಓದುವ ದಿನ

ಮಲಗುವ ಹೊತ್ತಿಗೆ ಓದಬೇಡಿ. ಹಗಲು ಹೊತ್ತು, ಓದಿದ ಮೇಲೆ ಒಂದಿಷ್ಟು ಸಮಯ ಖಾಲಿ ಇರುವ ದಿನ ನೋಡಿಕೊಳ್ಳಿ. ತಾನೇ ಓದಿಕೊಳ್ಳುವ ಮಗುವಾದರೂ ಆ ಒಂದು ಅಧ್ಯಾಯವನ್ನು ನೀವು ಜೋರಾಗಿ ಓದಿ. ದನಿ ಕಟ್ಟಿದರೆ ಕಟ್ಟಲಿ. ಸ್ವಲ್ಪ ನಿಲ್ಲಿಸಿ, ಮತ್ತೆ ಓದಿ. ದೊಡ್ಡವರೂ ಅಳುತ್ತಾರೆ, ಅತ್ತ ಮೇಲೆ ಮುಂದಿನ ಸಾಲು ಓದುತ್ತಾರೆ ಅನ್ನುವುದನ್ನು ಮಗು ನೋಡಲಿ.

ಪದಗಳನ್ನು ಮೆದು ಮಾಡಬೇಡಿ. ‘ಸತ್ತಳು’ ಅಂತ ಇದ್ದರೆ ಹಾಗೇ ಓದಿ. ‘ನಿದ್ದೆ ಹೋದಳು’, ‘ದೂರ ಹೋದಳು’ ಅಂದರೆ ಚಿಕ್ಕ ಮಕ್ಕಳು ಅದನ್ನು ಹಾಗೇ ನಂಬುತ್ತಾರೆ. ಆಮೇಲೆ ನಿದ್ದೆಗೂ ಹೆದರುತ್ತಾರೆ, ಯಾರಾದರೂ ಊರಿಗೆ ಹೋದರೂ ಹೆದರುತ್ತಾರೆ. ಈ ಒಳ್ಳೆಯ ಲೇಖಕರು ಯಾರೂ ಹಾಗೆ ಮರೆಮಾಚಿಲ್ಲ. ಷಾರ್ಲಟ್ ಸಾಯುವಾಗ ಅದರ ಹತ್ತಿರ ಯಾರೂ ಇರಲಿಲ್ಲ ಅಂತ ವೈಟ್ ನೇರವಾಗಿ ಬರೆದು ಅಧ್ಯಾಯ ಮುಗಿಸುತ್ತಾರೆ. ಮೊದಲ ಸಲ ಓದಿದಾಗ ಕ್ರೂರ ಅನ್ನಿಸುತ್ತದೆ. ಆದರೆ ಆ ನೇರ ಮಾತೇ ಮಗುವಿಗೆ ಪುಸ್ತಕದ ಮೇಲೆ ನಂಬಿಕೆ ಹುಟ್ಟಿಸುತ್ತದೆ. ಇಷ್ಟು ಕಷ್ಟದ್ದನ್ನು ಮುಚ್ಚಿಡದವರು ಮುಂದೆ ಹೇಳುವ ಒಳ್ಳೆಯ ಮಾತೂ ನಿಜವೇ ಇರಬೇಕು, ಅಲ್ವಾ?

ಬೆತ್‌ಳ ಕೊನೆಯ ದಿನಗಳನ್ನು ಆಲ್ಕಾಟ್ ಬರೆದ ರೀತಿ ನೋಡಿ. ಅವಳು ಕಿಟಕಿಯ ಹತ್ತಿರ ಕುಳಿತು, ದಾರಿಯಲ್ಲಿ ಹೋಗುವ ಶಾಲೆ ಮಕ್ಕಳಿಗೆ ಸಣ್ಣಪುಟ್ಟ ಉಡುಗೊರೆ ಹೊಲಿದು ಕೆಳಗೆ ಹಾಕುತ್ತಿರುತ್ತಾಳೆ. ಒಂದು ದಿನ ಸೂಜಿ ತುಂಬಾ ಭಾರ ಅನ್ನುತ್ತಾಳೆ, ಕೆಳಗಿಡುತ್ತಾಳೆ. ಮತ್ತೆ ಎತ್ತಿಕೊಳ್ಳುವುದಿಲ್ಲ. ಸೂಜಿ ಭಾರ! ಕಾಯಿಲೆ ಎಷ್ಟು ಜಾಸ್ತಿಯಾಯಿತು ಅಂತ ಹೇಳಲು ಇನ್ನೊಂದು ಪದ ಬೇಕಾಗಿಲ್ಲ. ಆಲ್ಕಾಟ್ ಅವರ ತಂಗಿ ಎಲಿಜಬೆತ್ ಹೀಗೇ ಜ್ವರದ ನಂತರ ಸೊರಗಿ 1858ರಲ್ಲಿ ತೀರಿಕೊಂಡಿದ್ದರು. ಈ ವಿಷಯ ಮಗುವಿಗೆ ಹೇಳಿ, ಆದರೆ ಅಧ್ಯಾಯ ಓದುವ ಮೊದಲಲ್ಲ, ಓದಿದ ಒಂದೆರಡು ದಿನದ ಮೇಲೆ. ಬರೆದವರಿಗೂ ಇದು ಆಗಿತ್ತು, ಹತ್ತು ವರ್ಷದ ನಂತರ ಅವರು ಕೂತು ಬರೆದರು ಅನ್ನುವುದೂ ಕಥೆಯ ಒಂದು ಭಾಗವೇ.

ಓದಿ ಮುಗಿಸಿದ ಮೇಲೆ ಸುಮ್ನೆ ಕೂತಿರಿ. ಪ್ರಶ್ನೆ ಬೇಡ. ಮಗು ಎದ್ದು ಆಟಕ್ಕೆ ಓಡಿದರೆ ಓಡಲಿ. ಅದಕ್ಕೆ ಏನೂ ಅನ್ನಿಸಲಿಲ್ಲ ಅಂತ ತಿಳಿಯಬೇಡಿ. ಮಕ್ಕಳು ದುಃಖವನ್ನು ಒಂದೇ ಸಲ ಕೂತು ಅನುಭವಿಸುವುದಿಲ್ಲ. ಸ್ವಲ್ಪ ಅಳುತ್ತಾರೆ, ಆಡುತ್ತಾರೆ, ರಾತ್ರಿ ಊಟದ ಹೊತ್ತಿಗೆ ಇದ್ದಕ್ಕಿದ್ದಂತೆ ಒಂದು ಪ್ರಶ್ನೆ ಕೇಳುತ್ತಾರೆ.

ಆ ಪ್ರಶ್ನೆ ‘ನೀನೂ ಸಾಯ್ತೀಯಾ?’ ಅನ್ನುವುದೇ ಆಗಿದ್ದರೆ ಸುಳ್ಳು ಹೇಳಬೇಡಿ. ‘ಎಲ್ಲರೂ ಒಂದು ದಿನ ಸಾಯುತ್ತಾರೆ. ನಾನು ತುಂಬಾ ವರ್ಷ ಇರುತ್ತೇನೆ ಅಂದುಕೊಂಡಿದ್ದೇನೆ. ಏನೇ ಆದರೂ ನಿನ್ನನ್ನು ನೋಡಿಕೊಳ್ಳಲು ಜನ ಇದ್ದಾರೆ’ ಅಂತ ಹೇಳಿ, ಆ ಜನ ಯಾರು ಅಂತ ಹೆಸರು ಹಿಡಿದು ಹೇಳಿ. ಮಗು ನಿಜವಾಗಿ ಕೇಳುತ್ತಿರುವುದು ಆ ಹೆಸರುಗಳನ್ನೇ.

ಹಂತ 6: ಮುಂದಿನ ಅಧ್ಯಾಯ, ಇನ್ನೂ ನಿಧಾನವಾಗಿ

ಇಲ್ಲಿ ಅವಸರ ಬೇಡವೇ ಬೇಡ. ದೊಡ್ಡವರಿಗೆ ಈ ಪುಟಗಳಲ್ಲಿ ‘ಏನೂ ಆಗುವುದಿಲ್ಲ’ ಅನ್ನಿಸಬಹುದು. ಪಾತ್ರಗಳು ಕೈಯಲ್ಲಿ ಏನು ಮಾಡುತ್ತಿವೆ ಅನ್ನುವುದನ್ನೇ ಗಮನಿಸುತ್ತಾ ಓದಿ.

‘ಬ್ರಿಡ್ಜ್ ಟು ಟೆರಬಿಥಿಯಾ’ದ ಜೆಸ್‌ನಿಂದ ಶುರು ಮಾಡೋಣ. ಮಳೆಯಿಂದ ಉಕ್ಕಿದ ತೊರೆಯನ್ನು ಹಗ್ಗ ಹಿಡಿದು ದಾಟಲು ಹೋದ ಲೆಸ್ಲಿ, ಹಗ್ಗ ತುಂಡಾಗಿ ಬಿದ್ದು ಸತ್ತಿದ್ದಾಳೆ. ಅದೇ ಹೊತ್ತಿಗೆ ಜೆಸ್ ಮ್ಯೂಸಿಕ್ ಟೀಚರ್ ಜೊತೆ ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿದ್ದ. ಲೆಸ್ಲಿಯನ್ನೂ ಕರೆಯಬಹುದಿತ್ತು, ಕರೆದಿರಲಿಲ್ಲ. ಸುದ್ದಿ ಕೇಳಿದ ಮೇಲೆ ಅವನು ಮಾಡುವುದನ್ನು ನೋಡಿ: ಸುಳ್ಳು ಅನ್ನುತ್ತಾನೆ, ಓಡುತ್ತಾನೆ. ಮರುದಿನ ಬೆಳಗ್ಗೆ ಅಮ್ಮ ಕೊಟ್ಟ ಪ್ಯಾನ್‌ಕೇಕ್‌ಗಳನ್ನು ತಿನ್ನುತ್ತಾನೆ. ಅವು ರುಚಿಯಾಗಿಯೂ ಇರುತ್ತವೆ. ಅವನು ಅಳುತ್ತಿಲ್ಲವಲ್ಲ ಅಂತ ಅಕ್ಕ ಚುಚ್ಚುತ್ತಾಳೆ. ಹಿಂದೆ ಹಿಂದೆ ಬರುವ ಪುಟ್ಟ ತಂಗಿ ಮೇ ಬೆಲ್‌ಳ ಮುಖಕ್ಕೆ ಹೊಡೆಯುತ್ತಾನೆ. ಲೆಸ್ಲಿ ಕ್ರಿಸ್‌ಮಸ್‌ಗೆ ಕೊಟ್ಟಿದ್ದ ಬಣ್ಣಗಳನ್ನು ತೊರೆಗೆ ಎಸೆಯುತ್ತಾನೆ.

ಇದನ್ನು ಓದುವಾಗ ‘ಪಾಪ, ಹೊಡೆಯಬಾರದಿತ್ತು’ ಅಂತ ತಿದ್ದಲು ಹೋಗಬೇಡಿ. ದುಃಖದಲ್ಲಿರುವವನಿಗೆ ಹಸಿವಾಗುತ್ತದೆ, ಸಿಟ್ಟು ಬರುತ್ತದೆ, ತನ್ನದೇ ತಪ್ಪು ಅನ್ನಿಸುತ್ತದೆ, ತನಗೆ ಇಷ್ಟವಾದದ್ದನ್ನೇ ಹಾಳು ಮಾಡಬೇಕು ಅನ್ನಿಸುತ್ತದೆ. ಈ ಯಾವುದನ್ನೂ ನಾವು ಮಕ್ಕಳಿಗೆ ಬಾಯಿಬಿಟ್ಟು ಹೇಳುವುದಿಲ್ಲ. ಇದೇ ಪುಸ್ತಕದಲ್ಲಿ, ಮಕ್ಕಳಿಗೆ ಇಷ್ಟವೇ ಇಲ್ಲದ ಬಿಗಿ ಮುಖದ ಟೀಚರ್ ಮಿಸೆಸ್ ಮೈಯರ್ಸ್ ಜೆಸ್‌ನನ್ನು ಹೊರಗೆ ಕರೆಯುತ್ತಾರೆ. ತಮ್ಮ ಗಂಡ ತೀರಿಕೊಂಡಾಗ ಎಲ್ಲರೂ ಅಳಬೇಡ ಅನ್ನುತ್ತಿದ್ದರು, ಮರೆಸಲು ನೋಡುತ್ತಿದ್ದರು, ಆದರೆ ತಮಗೆ ಮರೆಯುವುದು ಬೇಕಿರಲಿಲ್ಲ ಅನ್ನುತ್ತಾರೆ. ದೊಡ್ಡವರು ಈ ಭಾಗವನ್ನು ತಮಗಾಗಿ ಇನ್ನೊಂದು ಸಲ ಓದಿಕೊಳ್ಳಬೇಕು. ಪ್ಯಾಟರ್ಸನ್ ಈ ಕಾದಂಬರಿ ಬರೆದದ್ದೂ ಅಂಥ ಸಂಕಟದಿಂದಲೇ. 1974ರಲ್ಲಿ ಅವರ ಮಗನ ಆಪ್ತ ಗೆಳತಿ, ಪುಟ್ಟ ಹುಡುಗಿ, ಸಿಡಿಲು ಬಡಿದು ತೀರಿಕೊಂಡಿದ್ದಳು.

ಕೊನೆಗೆ ಜೆಸ್ ಹಲಗೆ ತಂದು ತೊರೆಗೆ ಸೇತುವೆ ಕಟ್ಟುತ್ತಾನೆ, ಹೊಡೆಸಿಕೊಂಡ ಅದೇ ತಂಗಿಯನ್ನು ಕೈ ಹಿಡಿದು ಆಚೆಗೆ ಕರೆದೊಯ್ಯುತ್ತಾನೆ. ಲೆಸ್ಲಿಯ ಜಾಗಕ್ಕೆ ಯಾರನ್ನೂ ತಂದು ಕೂರಿಸಿದ್ದಲ್ಲ ಅದು. ಹಗ್ಗದಿಂದ ದಾಟುತ್ತಿದ್ದ ಜಾಗವನ್ನು ಮುಂದೆ ಬರುವವರು ಬೀಳದ ಹಾಗೆ ಮಾಡಿದ್ದು.

‘ಷಾರ್ಲಟ್ಸ್ ವೆಬ್’ನಲ್ಲಿ ಷಾರ್ಲಟ್‌ಳ ಗೆಳೆಯ, ವಿಲ್ಬರ್ ಎಂಬ ಹಂದಿಮರಿಗೆ ಕಟ್ಟಲು ಹಲಗೆ ಇಲ್ಲ. ಅದಕ್ಕೆ ಇರುವುದು ಷಾರ್ಲಟ್‌ಳ ಮೊಟ್ಟೆಚೀಲ, ಒಳಗೆ 514 ಮೊಟ್ಟೆ. ಅದನ್ನು ಮೇಲಿನಿಂದ ಇಳಿಸಿಕೊಡಲು ಟೆಂಪಲ್ಟನ್ ಇಲಿಗೆ ತನ್ನ ಊಟದಲ್ಲಿ ಮೊದಲ ಪಾಲು ಕೊಡುತ್ತೇನೆ ಅಂತ ಒಪ್ಪಂದ ಮಾಡಿಕೊಳ್ಳುತ್ತದೆ. ತಿಂಡಿಪೋತ ಹಂದಿಗೆ ಅದು ಎಷ್ಟು ದೊಡ್ಡ ಮಾತು! ಚೀಲವನ್ನು ನಾಲಿಗೆಯ ಮೇಲಿಟ್ಟು ಒಯ್ಯುತ್ತದೆ. ಬಾಯಿ ತೆರೆಯುವ ಹಾಗಿಲ್ಲ, ಹಾಗಾಗಿ ಷಾರ್ಲಟ್‌ಗೆ ವಿದಾಯ ಹೇಳುವುದೂ ಒಂದು ಕಣ್ಣು ಮಿಟುಕಿಸಿ. ಚಳಿಗಾಲವೆಲ್ಲ ಆ ಚೀಲವನ್ನು ಕಾಯುತ್ತದೆ, ಚಳಿ ಹೆಚ್ಚಾದ ರಾತ್ರಿ ತನ್ನ ಉಸಿರು ತಾಗುವ ಹಾಗೆ ಮಲಗುತ್ತದೆ. ವಸಂತದಲ್ಲಿ ಮರಿಗಳು ಹೊರಬರುತ್ತವೆ. ಇಲ್ಲಿಗೆ ನಿಂತಿದ್ದರೆ ಸುಲಭದ ಸುಖಾಂತ್ಯ ಆಗುತ್ತಿತ್ತು. ಆದರೆ ಮರಿಗಳೆಲ್ಲ ಗಾಳಿಯಲ್ಲಿ ಹಾರಿಹೋಗುತ್ತವೆ, ವಿಲ್ಬರ್ ಎರಡನೇ ಸಲ ಅಳುತ್ತದೆ. ಉಳಿಯುವುದು ಮೂರೇ. ಆ ಮೂರನ್ನೂ ಅದು ಪ್ರೀತಿಸುತ್ತದೆ, ಆದರೂ ಷಾರ್ಲಟ್‌ಳ ಜಾಗ ಯಾರೂ ತುಂಬಲಿಲ್ಲ ಅಂತ ವೈಟ್ ಸ್ಪಷ್ಟವಾಗಿ ಬರೆಯುತ್ತಾರೆ. ಈ ಎರಡನ್ನೂ ಒಟ್ಟಿಗೆ ಹೇಳಿದ್ದಕ್ಕೇ ನನಗೆ ಈ ಪುಸ್ತಕ ಎಲ್ಲಕ್ಕಿಂತ ಇಷ್ಟ.

ಆನ್‌ಳ ಕಥೆಯಲ್ಲಿ ಒಂದು ಚಿಕ್ಕ ಮಾತುಕತೆ ಇದೆ, ಓದುವ ಅವಸರದಲ್ಲಿ ತಪ್ಪಿಹೋಗುತ್ತದೆ. ದುಡ್ಡು ಇಟ್ಟ ಬ್ಯಾಂಕ್ ಮುಳುಗಿದ ಸುದ್ದಿ ಓದಿ ಮ್ಯಾಥ್ಯೂ ಸತ್ತ ದಿನ ಆನ್‌ಗೆ ಅಳುವೇ ಬರುವುದಿಲ್ಲ. ಒಳಗೆ ಬರೀ ಮಂದ ನೋವು. ತನಗೇನೋ ಆಗಿದೆ ಅಂತ ಅವಳಿಗೇ ಗಾಬರಿ. ನಡುರಾತ್ರಿ ಎಚ್ಚರವಾದಾಗ ಮ್ಯಾಥ್ಯೂನ ನಗು, ‘ನನ್ನ ಹುಡುಗಿ’ ಅಂದದ್ದು ನೆನಪಾಗಿ ಅಳು ಒತ್ತರಿಸಿ ಬರುತ್ತದೆ. ಅದು ಎಲ್ಲರಿಗೂ ನೆನಪಿರುವ ಭಾಗ. ತಪ್ಪಿಹೋಗುವುದು ಆಮೇಲಿನದು. ಕೆಲವು ದಿನ ಕಳೆದ ಮೇಲೆ ಅವಳು ನಗುತ್ತಾಳೆ, ಹೂವು ನೋಡಿ ಖುಷಿಪಡುತ್ತಾಳೆ. ಆಮೇಲೆ ನಾಚಿಕೆಯಾಗುತ್ತದೆ. ಮ್ಯಾಥ್ಯೂ ಇಲ್ಲದಿರುವಾಗ ನಾನು ಖುಷಿಯಾಗಿರುವುದು ಅವನಿಗೆ ದ್ರೋಹ ಅಲ್ವಾ ಅಂತ ಪಾದ್ರಿಯ ಹೆಂಡತಿ ಮಿಸೆಸ್ ಆಲನ್ ಹತ್ತಿರ ಕೇಳುತ್ತಾಳೆ. ಅವನು ಇದ್ದಾಗ ನಿನ್ನ ನಗು ಕೇಳಲು ಅವನಿಗೆ ಇಷ್ಟವಾಗುತ್ತಿತ್ತು, ಈಗಲೂ ಹಾಗೇ ಅಂದುಕೋ ಅನ್ನುತ್ತಾರೆ ಅವರು. ಯಾರನ್ನಾದರೂ ಕಳೆದುಕೊಂಡ ಮಕ್ಕಳಿಗೆ ಈ ನಾಚಿಕೆ ಚೆನ್ನಾಗಿ ಗೊತ್ತು. ಹೊರಗೆ ಹೇಳುವುದಿಲ್ಲ ಅಷ್ಟೇ. ಹಾಗಾಗಿ ಈ ಪುಟವನ್ನು ಜೋರಾಗಿ ಓದಿ.

ಅದಕ್ಕೂ ಮುಂಚೆ ಆನ್ ಕೈಯಲ್ಲಿ ಏನು ಮಾಡುತ್ತಿದ್ದಳು? ಮ್ಯಾಥ್ಯೂಗೆ ಇಷ್ಟವಾದ ಬಿಳಿ ಗುಲಾಬಿಯ ಕಡ್ಡಿಯನ್ನು ಅವನ ಸಮಾಧಿಯ ಹತ್ತಿರ ನೆಡುತ್ತಿದ್ದಳು. ‘ಲಿಟಲ್ ವಿಮೆನ್’ನ ಜೋ, ಬೆತ್ ಮಾಡುತ್ತಿದ್ದ ಕಸ ಗುಡಿಸುವುದು, ಪಾತ್ರೆ ಒರೆಸುವುದನ್ನು ತಾನು ಮಾಡುತ್ತಾಳೆ. ಬೆತ್ ಗುನುಗುತ್ತಿದ್ದ ಹಾಡನ್ನೇ ಗುನುಗುತ್ತಾಳೆ. ಆಮೇಲೆ ಅಮ್ಮ ಹೇಳಿದ ಮೇಲೆ ಬರೆಯಲು ಕೂರುತ್ತಾಳೆ. ‘ದಿ ಸೀಕ್ರೆಟ್ ಗಾರ್ಡನ್’ನಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮೇರಿ ಕೇಳುವುದು ಗಿಡ ಬೆಳೆಸಲು ಒಂದು ಚೂರು ಮಣ್ಣು, ಅಷ್ಟೇ. ಅವಳು ಬಂದು ಸೇರಿದ ಮನೆಯ ಯಜಮಾನ, ಹೆಂಡತಿ ಸತ್ತ ಮೇಲೆ ತೋಟಕ್ಕೆ ಬೀಗ ಹಾಕಿ ಕೀಲಿ ಹೂತು ಹತ್ತು ವರ್ಷ ಊರೂರು ಅಲೆದವನು. ತೋಟ, ಮಗ ಇಬ್ಬರೂ ಒಣಗಿಹೋಗುತ್ತಾರೆ. ಮೇರಿ, ಯಜಮಾನ ಈ ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಲು ಮಗುವಿಗೆ ಬಿಡಿ, ವಿವರಿಸಬೇಡಿ.

ಸ್ವಲ್ಪ ದೊಡ್ಡ ಮಕ್ಕಳಿಗೆ ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ (1929) ಕೊಡಿ. ಅಪು ಎಂಬ ಹುಡುಗನ ಅಕ್ಕ ದುರ್ಗಾ ಜ್ವರದಿಂದ ಸಾಯುತ್ತಾಳೆ. ಅವಳು ಬದುಕಿದ್ದಾಗ ಒಂದು ಕಳ್ಳತನದ ಆರೋಪ ಹೊತ್ತು ಏಟು ತಿಂದಿದ್ದಳು. ಊರು ಬಿಟ್ಟು ಹೊರಡುವ ದಿನ ಅಪುವಿಗೆ ಆ ಕದ್ದ ಪುಟ್ಟ ಭರಣಿ ಸಿಗುತ್ತದೆ. ಅವನು ಯಾರಿಗೂ ತೋರಿಸುವುದಿಲ್ಲ, ಬಿದಿರು ಮೆಳೆಯೊಳಗೆ ಎಸೆದುಬಿಡುತ್ತಾನೆ. ಜೆಸ್ ಬಣ್ಣ ಎಸೆದದ್ದು ಒಂದು ಥರ, ಅಪು ಭರಣಿ ಎಸೆದದ್ದು ಇನ್ನೊಂದು ಥರ. ಎರಡನ್ನೂ ಓದಿದ ಮಗುವಿನ ಹತ್ತಿರ ವ್ಯತ್ಯಾಸ ಏನು ಅಂತ ಕೇಳಿ ನೋಡಿ. ಒಳ್ಳೆಯ ಮಾತು ಬರುತ್ತದೆ.

ಹಂತ 7: ಏನು ಕೇಳಬೇಕು, ಏನು ಕೇಳಬಾರದು

‘ಇದರಿಂದ ಏನು ಕಲಿತೆ?’ ಬೇಡ. ‘ನಿನಗೆ ಏನನ್ನಿಸಿತು?’ ಅನ್ನುವುದೂ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ‘ಬೇಜಾರಾಯ್ತು’ ಅನ್ನುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಪಾತ್ರದ ಬಗ್ಗೆ, ಒಂದು ನಿರ್ದಿಷ್ಟ ಕೆಲಸದ ಬಗ್ಗೆ ಕೇಳಿ. ಜೆಸ್ ಬಣ್ಣಗಳನ್ನೇ ಯಾಕೆ ಎಸೆದ? ಆನ್‌ಗೆ ಮೊದಲ ದಿನ ಅಳು ಯಾಕೆ ಬರಲಿಲ್ಲ? ಹಾರಿಹೋದ ಮರಿಗಳ ಮೇಲೆ ವಿಲ್ಬರ್‌ಗೆ ಸಿಟ್ಟು ಬಂತಾ? ಮಗು ಪಾತ್ರದ ಹೆಸರಿನಲ್ಲಿ ತನ್ನ ಮಾತು ಹೇಳುತ್ತದೆ. ‘ಅಂದರೆ ನಿನಗೂ ಹಾಗೇ ಆಯ್ತಾ?’ ಅಂತ ತಿರುಗಿಸಿ ಕೇಳಿದರೆ ಬಾಯಿ ಮುಚ್ಚುತ್ತದೆ. ಅದು ಬೇಡ.

ಉತ್ತರ ತಪ್ಪು ಅನ್ನಿಸಿದರೂ ತಿದ್ದಬೇಡಿ. ಚಿತ್ರ ಬಿಡಿಸುತ್ತೇನೆ, ಬೆತ್‌ಗೆ ಪತ್ರ ಬರೆಯುತ್ತೇನೆ ಅಂದರೆ ಕಾಗದ ಕೊಡಿ. ನೀವಾಗಿ ಮಾಡಿಸಲು ಹೋಗಬೇಡಿ.

ಹಂತ 8: ಹಳೆಯ ಪುಸ್ತಕಗಳ ತಪ್ಪುಗಳನ್ನು ಹೇಳಿಬಿಡಿ

‘ದಿ ಸೀಕ್ರೆಟ್ ಗಾರ್ಡನ್’ನ ಮೇರಿ ಹುಟ್ಟಿ ಬೆಳೆದದ್ದು ಭಾರತದಲ್ಲಿ. ಆಯಾಗೆ ಹೊಡೆಯುತ್ತಾಳೆ, ಇಲ್ಲಿನವರು ಮನುಷ್ಯರೇ ಅಲ್ಲ ಅನ್ನುವ ಮಾತೂ ಆಡುತ್ತಾಳೆ. ಮೇರಿ ಬದಲಾಗುತ್ತಾಳೆ, ಆದರೆ ಆ ಮಾತನ್ನು ಪುಸ್ತಕ ಎಲ್ಲೂ ಸರಿಯಾಗಿ ಪ್ರಶ್ನಿಸುವುದಿಲ್ಲ. ಕಾಲರಾದಲ್ಲಿ ಆಯಾ ಕೂಡ ಸಾಯುತ್ತಾಳೆ, ಅವಳಿಗಾಗಿ ಮೇರಿ ಅಳುವುದಿಲ್ಲ. ಓದು ನಿಲ್ಲಿಸಿ ಇದನ್ನು ಮಾತಾಡಿ. ಯಾರ ಸಾವನ್ನು ಕಥೆ ಲೆಕ್ಕಕ್ಕೆ ಇಟ್ಟಿದೆ, ಯಾರದನ್ನು ಇಟ್ಟಿಲ್ಲ ಅಂತ ಮಕ್ಕಳು ಬೇಗ ಹಿಡಿಯುತ್ತಾರೆ.

ಅದೇ ಪುಸ್ತಕದಲ್ಲಿ ಯಜಮಾನನ ಮಗ, ಹಾಸಿಗೆ ಹಿಡಿದಿದ್ದ ಕಾಲಿನ್ ಮನಸ್ಸು ಗಟ್ಟಿ ಮಾಡಿಕೊಂಡು ಎದ್ದು ನಡೆಯುತ್ತಾನೆ. ‘ಹೈಡಿ’ಯಲ್ಲಿ ಗಾಲಿಕುರ್ಚಿಯ ಕ್ಲಾರಾ ಬೆಟ್ಟದ ಗಾಳಿಗೆ ನಡೆಯುತ್ತಾಳೆ. ನಿಜ ಜೀವನದಲ್ಲಿ ಎಲ್ಲ ಕಾಯಿಲೆಯೂ ಹೀಗೆ ಹೋಗುವುದಿಲ್ಲ, ಹೋಗದಿದ್ದರೆ ಅದು ಕಾಯಿಲೆಯವರ ತಪ್ಪೂ ಅಲ್ಲ. ಮನೆಯಲ್ಲಿ ಅಥವಾ ಕ್ಲಾಸಿನಲ್ಲಿ ನಡೆಯಲಾಗದ ಮಗು ಇದ್ದರೆ ಈ ಮಾತು ಮೊದಲೇ ಹೇಳಬೇಕು. ಬೆತ್ ಅಷ್ಟು ತಾಳ್ಮೆಯಿಂದ ಸತ್ತಳು ಅಂತ ಎಲ್ಲರೂ ಹಾಗೇ ಇರಬೇಕಾಗಿಲ್ಲ ಅನ್ನುವುದೂ ಇದೇ ಜಾತಿಯ ಮಾತು. ಕಾಯಿಲೆಯಲ್ಲಿ ರೇಗುವವರೂ ಒಳ್ಳೆಯವರೇ.

ಹಂತ 9: ಮಗು ಪುಸ್ತಕ ಮುಚ್ಚಿಟ್ಟರೆ

ಬಲವಂತ ಬೇಡ. ಎಲ್ಲಿ ನಿಲ್ಲಿಸಿತು ನೋಡಿ. ಸಾವಿನ ಅಧ್ಯಾಯದಲ್ಲೇ ನಿಲ್ಲಿಸಿದ್ದರೆ ಮಾತ್ರ, ‘ಆಮೇಲೆ ಏನಾಗುತ್ತೆ ಅಂತ ಬಾಯಲ್ಲಿ ಹೇಳಲಾ?’ ಅಂತ ಒಮ್ಮೆ ಕೇಳಿ. ಹೂಂ ಅಂದರೆ ಉಳಿದ ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳಿ. ಸೇತುವೆಯೋ, ಮೊಟ್ಟೆಚೀಲವೋ, ಗುಲಾಬಿ ಕಡ್ಡಿಯೋ, ಆ ಭಾಗ ಬಿಡಬೇಡಿ. ಬೇಡ ಅಂದರೆ ಪುಸ್ತಕವನ್ನು ಕೈಗೆ ಸಿಗುವ ಕಡೆ ಇಟ್ಟು ಬೇರೆ ಏನಾದರೂ ಓದಿ. ತಿಂಗಳುಗಳ ನಂತರ ತಾನಾಗಿ ತೆಗೆಯುವ ಮಕ್ಕಳಿದ್ದಾರೆ.

ಇನ್ನು ಕೆಲವರು ಸಾವಿನ ಅಧ್ಯಾಯವನ್ನೇ ಮತ್ತೆ ಮತ್ತೆ ಓದುತ್ತಾರೆ. ಇದರಲ್ಲಿ ಗಾಬರಿಪಡುವಂಥದ್ದೇನಿಲ್ಲ. ಮುಂದಿನ ಅಧ್ಯಾಯವನ್ನೂ ಜೊತೆಗೆ ಓದುತ್ತಿದ್ದಾರಾ ಅಂತ ಗಮನಿಸಿ, ಇಲ್ಲದಿದ್ದರೆ ಒಂದು ದಿನ ನೀವು ಅದನ್ನು ಓದಿ ಹೇಳಿ. ಆದರೆ ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದ್ದರೆ, ಆಟ ಬಿಟ್ಟಿದ್ದರೆ, ಶಾಲೆಗೆ ಹೋಗಲು ಒಲ್ಲೆ ಅನ್ನುತ್ತಿದ್ದರೆ ಅದು ಪುಸ್ತಕದಿಂದ ಬಗೆಹರಿಯುವ ವಿಷಯ ಅಲ್ಲ. ಮಕ್ಕಳ ಡಾಕ್ಟರ್ ಹತ್ತಿರ ಹೋಗಿ, ಕೌನ್ಸೆಲರ್ ಬೇಕಾ ಅಂತ ಕೇಳಿ. ಹೋಗುವಾಗ ಮಗು ಯಾವ ಪುಸ್ತಕದ ಯಾವ ಭಾಗವನ್ನು ಹಿಡಿದುಕೊಂಡಿದೆ ಅಂತ ಅವರಿಗೆ ಹೇಳಿ. ಮಾತು ಶುರು ಮಾಡಲು ಅವರಿಗೆ ಅದು ಉಪಯೋಗಕ್ಕೆ ಬರುತ್ತದೆ.